ಫ್ಯಾನಿಗೆ ಸಿಕ್ಕಿದ ಅಕ್ಷತೆ

ನನ್ನ ಹೊಸ ಗೇಮಿಂಗ್ ಕಂಪ್ಯೂಟರಿನ ಗಾಜಿನ ಬಾಗಿಲು ತೆಗೆದು, ಸಹೋದ್ಯೋಗಿ ಶ್ರಾವ್ಯಾ ಒಳಗಿನಿಂದ ಹಳದಿ ಅಕ್ಕಿಕಾಳುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಟಾರ್ಚು ಹಿಡಿದು ನಿಂತಿದ್ದ ನನಗೆ ಪರದೇಶದ ಎಟೋಬಿಕೋಕ್‌ನ ನನ್ನ ಪುಟ್ಟ ಕಾಂಡೋ ಫ್ಲಾಟಿನಲ್ಲಿ ಮುಖ ಮರೆಸಿಕೊಳ್ಳಲೂ ಜಾಗವಿರಲಿಲ್ಲ.

ಅವಳಿಗೆ ಗೇಮಿಂಗ್ ಅಂದರೆ ಪ್ರಾಣ. ಅವಳು ಮೆಚ್ಚಲೆಂದೇ, ಅದರ ಗಂಧಗಾಳಿ ಇಲ್ಲದ ನಾನು ಅಂಗಡಿಯಲ್ಲಿ ಅತಿ ಹೆಚ್ಚು ಬಣ್ಣದ ದೀಪಗಳಿದ್ದ ಯಂತ್ರವನ್ನು ಆರಿಸಿ ತಂದಿದ್ದೆ. ಆಯುಧಪೂಜೆಯ ದಿನ ಗಾಜಿಗೆ ಕುಂಕುಮವಿಟ್ಟು, ಅದರ ನೆತ್ತಿಯಲ್ಲಿ ತಿರುಗುತ್ತಿದ್ದ ಫ್ಯಾನಿನ ಮೇಲೇ ಅಕ್ಷತೆ ಹಾಕಿದ್ದೆ. ಮರುದಿನ ಅವಳು ನೋಡಲು ಬಂದಾಗ ಅದು ಹಳೇ ಮಿಕ್ಸಿಯಂತೆ ಕಟಕಟ ಅನ್ನುತ್ತಿತ್ತು.

"ಇದ್ರಲ್ಲಿ ಒಂದು ಗೇಮ್ ಕೂಡ ಇಲ್ಲ. ದೆನ್ ಯಾಕೆ ಬೈ ಮಾಡಿದ್ದು?" ಎಂದಳು, ಇದೇ ದೇಶದ ವಿಟ್ಬಿಯಲ್ಲಿ ಹುಟ್ಟಿ ಬೆಳೆದ ತನ್ನ ಕನ್ನಡದಲ್ಲಿ.

"ನೀನು ನೋಡೋಕೆ ಬರ್ತೀಯ ಅಂತ," ಅಂದುಬಿಟ್ಟೆ.

ಅವಳು ಬಾಗಿಲು ಮುಚ್ಚಿ, ಗಾಜಿನ ಮೇಲಿದ್ದ ಬೆರಳಚ್ಚುಗಳನ್ನೆಲ್ಲ ನಿಧಾನವಾಗಿ ಒರೆಸಿ, "ಇನ್ನೊಂದು ಚೇರ್ ಇದ್ಯಾ?" ಎಂದು ಕೇಳಿದಳು.

ಎರಡನೇ ಕುರ್ಚಿ ಈಗಲೂ ಅಲ್ಲೇ ಇದೆ, ಪ್ರತಿ ಶನಿವಾರ ಅವಳೆದುರು ಸೋಲುತ್ತೇನೆ. ಗಾಜಿನ ಮೇಲೆ ಕುಂಕುಮವೂ ಹಾಗೇ ಇದೆ. ಅಂದು ಅವಳು ಅದೊಂದನ್ನು ಮಾತ್ರ ಒರೆಸಿರಲಿಲ್ಲ.