ಮೂಡಲಗಿ ಮಾಸ್ತರರ ಕೆಂಪು ಶಾಯಿ

ಯಾರದೇ ಹಸ್ತಪ್ರತಿಯಾಗಲಿ, ಮುಟ್ಟುವ ಮೊದಲು ಗುರುಸಿದ್ದಪ್ಪ ಮಾಸ್ತರರು ಕ್ಷೌರಿಕನ ಹಾಗೆ ಕೇಳುತ್ತಿದ್ದರು: "ಬರೇ ಗಡ್ಡ ಏನ, ಕಟಿಂಗ್ ಏನ, ಪೂರಾ ಬೋಳಸೂದ ಏನ?" ಗಡ್ಡವೆಂದರೆ ಕಾಗುಣಿತ ತಿದ್ದುವುದು. ಕಟಿಂಗ್ ಎಂದರೆ ವಾಕ್ಯ ಸವರುವುದು. ಬೋಳಿಸುವುದೆಂದರೆ ಕಥೆಯನ್ನೇ ಕೆಡವಿ ಕಟ್ಟುವುದು. ಸುತ್ತಲಿನ ಬರೆಯುವವರೆಲ್ಲ ಗೋಕಾಕದ ಛಾಪಖಾನೆಗೆ ಹೋಗುವ ಮೊದಲು ಮೂಡಲಗಿಯ ಅವರ ಪಡಸಾಲೆ ಹತ್ತಲೇಬೇಕಿತ್ತು. ಕಾಸು ಮುಟ್ಟುತ್ತಿರಲಿಲ್ಲ, ಅದೇ ಕಷ್ಟ. ಕೂಲಿ ಕೊಟ್ಟಿದ್ದರೆ ಬೇಡ ಎನ್ನಬಹುದಿತ್ತು.

ನಾನು ಅವರ ಹಳೆಯ ವಿದ್ಯಾರ್ಥಿನಿ. ರಾಜ್ಯ ಒಂದಾದ ಮರುವರ್ಷ ಹುಕ್ಕೇರಿಯ ಸಾಲೆಯಲ್ಲಿ ಅಕ್ಕೋರಾಗಿದ್ದೆ, ಮೊದಲ ಕಾದಂಬರಿ ಬರೆದು ಮುಗಿಸಿದ್ದೆ. ಅದರಲ್ಲಿ ಹುಬ್ಬಿಗೆ ಅರಳೆ ಅಂಟಿಸಿಕೊಂಡು ನೂಲಿನ ಗಿರಣಿಯಿಂದ ಮನೆಗೆ ಬರುವ ಒಬ್ಬ ಅಪ್ಪನಿದ್ದ. ಅವನು ನನ್ನ ತೀರಿಹೋದ ಅಪ್ಪನೇ. ಅವನದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. "ಅಪ್ಪನ್ನ ಬುಕ್ಕಿನ್ಯಾಗ ತಂದೇನಿ" ಎಂದು ಅವ್ವನಿಗೆ ಹೇಳಿಯೂ ಬಿಟ್ಟಿದ್ದೆ.

ನನಗೆ ಬೇಕಿದ್ದದ್ದು ಗಡ್ಡವಷ್ಟೇ. ಆದರೆ ಕಲಿಸಿದ ಗುರುವಿಗೆ ಇಷ್ಟೇ ಮಾಡಿ ಎನ್ನಲು ನಾಲಿಗೆ ಏಳಲಿಲ್ಲ. ನಮ್ಮ ಕಡೆಯ ಮರ್ಯಾದೆಯ ಮಾತೇ ಬಾಯಿಗೆ ಬಂತು: "ನೀವು ತಿಳದಂಗ ಮಾಡ್ರಿ ಮಾಸ್ತರ್ರ."

"ಹಂಗಾರ ಕುಂಡ್ರು ತಂಗಿ," ಎಂದವರೇ ಕೆಂಪು ಶಾಯಿಯ ದೌತಿ ತೆರೆದರು.

ಅಂದಿನಿಂದ ನನ್ನ ಭಾನುವಾರಗಳೆಲ್ಲ ಅಲ್ಲೇ ಸಿಕ್ಕಿಬಿದ್ದವು. ಜೋಳ ಹಸನು ಮಾಡುತ್ತ ಕುಳಿತ ಹೆಂಡತಿ ಗಂಗವ್ವನಿಗೆ ಮಾಸ್ತರರು ನನ್ನ ಬರಹವನ್ನು ಗಟ್ಟಿಯಾಗಿ ಓದುವರು. ಮೊರದಲ್ಲಿ ಆಕೆಯ ಕೈ ನಿಂತರೆ ಆ ಸಾಲು ಉಳಿಯಿತು. ಆಡುತ್ತಲೇ ಇದ್ದರೆ ಅಡ್ಡಗೆರೆ. "ಇದೆಂಥಾ ತಿಂಗಳವಾ, ಎರಡು ಹುಣ್ಣಿವಿ ಬಂದಾವು?" ಎಂದು ಮಾಸ್ತರರು ನನ್ನ ಬೆಳದಿಂಗಳನ್ನೆಲ್ಲ ಹೊಡೆದುಹಾಕಿದರು. ನಗು ಬಂತು. ಕಥೆ ಚುರುಕಾದದ್ದೂ ಸುಳ್ಳಲ್ಲ.

ಅಪ್ಪ ಬಂದಾಗ ಗಂಗವ್ವನ ಕೈ ನಿಲ್ಲಲಿಲ್ಲ.

"ಈ ಮನಷ್ಯಾ ಏನ್ ಮಾಡ್ತಾನ ತಂಗಿ? ಬರ್ತಾನ, ಉಣತಾನ, ಮಕ್ಕೋತಾನ," ಎಂದರು ಮಾಸ್ತರರು.

ನಮ್ಮಪ್ಪ ಅಷ್ಟೇ ಮಾಡುತ್ತಿದ್ದ. ಇರಲಿ ಬಿಡ್ರಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಗವ್ವ ನನಗಾಗಿ ರೊಟ್ಟಿ ಬಡಿಯಲು ಎದ್ದಳು. ಅವರ ಮನೆಯ ರೊಟ್ಟಿ ಉಂಡು ಅವರಿಗೇ ಎದುರಾಡುವುದು ಹೇಗೆ? ಕೆಂಪು ಗೆರೆ ಪುಟದಿಂದ ಪುಟಕ್ಕೆ ಅಪ್ಪನನ್ನು ಅಟ್ಟಿಕೊಂಡು ಹೋಯಿತು.

ಮಳೆಗಾಲ ಕಳೆಯಿತು. ಈ ಸಲ ಹೇಳಿಯೇ ಬಿಡುತ್ತೇನೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋದರೆ, ಮಾಸ್ತರರು ಹಾಸಿಗೆ ಹಿಡಿದಿದ್ದರು. ಆ ಸ್ಥಿತಿಯಲ್ಲೂ ಕಡೆಯ ಅಧ್ಯಾಯ ತಿದ್ದಿ ಮುಗಿಸಿದ್ದರು.

"ಚೊಕ್ಕ ಆತು ನೋಡು. ಒಂದ ಅಕ್ಷರಾನೂ ಮುಟ್ಟಬ್ಯಾಡ, ಸೀದಾ ಛಾಪಖಾನಿಗೆ ಕೊಡು," ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈ ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ. "ಹೂನ್ರಿ" ಎಂದೆ. ಆ ವಾರವೇ ಅವರು ತೀರಿಕೊಂಡರು. ಅಪ್ಪ ಹೋದಾಗ ಸಾವೆಂದರೇನು ತಿಳಿಯದಷ್ಟು ಚಿಕ್ಕವಳಿದ್ದೆ, ಅತ್ತಿರಲಿಲ್ಲ. ಮಾಸ್ತರರಿಗಾಗಿ ಮನಸಾರೆ ಅತ್ತೆ.

ಪುಸ್ತಕ ಅವರು ಕೊಟ್ಟ ಹಾಗೆಯೇ ಅಚ್ಚಾಯಿತು. ಓದಿದವರು ಹೊಗಳಿದರು. ಓದು ಬಾರದ ಅವ್ವ ನನ್ನಿಂದ ಓದಿಸಿಕೊಂಡು ಪೂರ್ತಿ ಕೇಳಿದಳು. ಮುಗಿಯಿತು ಎಂದರೂ ಏಳಲಿಲ್ಲ, ಸೆರಗು ಸರಿಮಾಡಿಕೊಂಡು ಕುಳಿತೇ ಇದ್ದಳು.

"ಛಲೋ ಐತಿ," ಎಂದಳು. "ನಿಮ್ಮಪ್ಪ ಇನ್ನೂ ಗಿರಣಿಯಿಂದ ಬರಲಿಲ್ಲಲ್ಲವಾ?"