ಅಟ್ಟವಿಲ್ಲದ ಥಿಯೇಟರು

ಸವಾನಾ ಊರಿನ ನಮ್ಮ ಕಪ್ಪು ಜನರ ಬೀದಿಯಲ್ಲಿ ಪಾಮೆಟೊ ಥಿಯೇಟರನ್ನು ಕಟ್ಟಿದವನು ಅರ್ನೆಸ್ಟೀನಳ ಅಪ್ಪ, ಗಾರೆ ಕೆಲಸದ ಪ್ರಿನ್ಸ್ ಗ್ಯಾಡ್ಸ್‌ಡನ್. ಪೇಟೆಯಲ್ಲಿದ್ದ ಬಿಳಿಯರ ರೀಜೆಂಟ್ ಥಿಯೇಟರಿನಲ್ಲಿ ನಮ್ಮವರು ಹಿತ್ತಲ ಓಣಿಯಿಂದ ಮೆಟ್ಟಿಲು ಹತ್ತಿ ಅಟ್ಟದಲ್ಲಿ ಕೂರಬೇಕಿತ್ತು. ಆ ಮೆಟ್ಟಿಲಲ್ಲಿ ತುಂಬು ಬಸುರಿ ಹೆಂಡತಿ ಜಾರಿ ಬಿದ್ದ ಮೇಲೆ ಪ್ರಿನ್ಸ್ ಅತ್ತ ತಲೆಹಾಕಲಿಲ್ಲ. ಚರ್ಚಿನವರನ್ನು ಸೇರಿಸಿಕೊಂಡು ತಾನೇ ಇಟ್ಟಿಗೆ ಹೊತ್ತ. ಅವನ ಥಿಯೇಟರಿಗೆ ಅಟ್ಟವೇ ಇರಲಿಲ್ಲ.

ಅವನ ನಂತರ ಅರ್ನೆಸ್ಟೀನ್ ನಡೆಸಿದಳು. ಟಿಕೆಟ್ ಹರಿಯುವವಳೂ ಅವಳೇ, ಬೇಯಿಸಿದ ಕಡಲೆಕಾಯಿ ಮಾರುವವಳೂ ಅವಳೇ. ಗಲಾಟೆ ಮಾಡಿದವರ ಮುಖಕ್ಕೆ ಟಾರ್ಚು ಬಿಟ್ಟು, "ಏಯ್, ಭಾನುವಾರ ಚರ್ಚಲ್ಲಿ ನಿಮ್ಮಮ್ಮ ಸಿಗ್ತಾಳೆ, ನೆನಪಿರ್ಲಿ!" ಅನ್ನುತ್ತಿದ್ದಳು. ನಾನೂ ಬೈಸಿಕೊಂಡಿದ್ದೇನೆ.

ಅರವತ್ತರ ದಶಕದಲ್ಲಿ ರೀಜೆಂಟಿನ ಮುಂಬಾಗಿಲಿಗಾಗಿ ಹೋರಾಟ ಶುರುವಾದಾಗ, ಸಭೆ ಸೇರಲು ಜಾಗ ಕೊಟ್ಟಿದ್ದು ಅವಳು.

"ಅವ್ರ ಬಾಗ್ಲು ತೆಗೆದ್ರೆ ನಿನ್ ಬಾಗ್ಲು ಮುಚ್ಚುತ್ತೆ ಕಣಮ್ಮಾ," ಅಂದ ಚರ್ಚಿನ ಹಿರಿಯ ಹೊಸಿಯಾ.

"ಮುಚ್ಲಿ. ನನ್ ಕಡಲೆಕಾಯಿ ಖರ್ಚಾಗ್ಲಿ ಅಂತ ಜನ ಇನ್ನೂ ಅಟ್ಟ ಹತ್ಬೇಕಾ?"

ಫಲಕ ಹಿಡಿದು ತಾನೂ ನಿಂತಳು. ಪೊಲೀಸರು ಎಳೆದಾಡಿದಾಗ ಮುಂದಿನ ಹಲ್ಲು ಮುರಿಯಿತು, ಜೈಲೂ ಆಯಿತು.

ಕೊನೆಗೆ ಬಾಗಿಲು ತೆರೆಯಿತು. ಮೊದಲ ಶನಿವಾರ ರೀಜೆಂಟಿನ ಮುಂದಿನ ಸಾಲಿನಲ್ಲಿ ನಮ್ಮವರೇ. ಹೊಸಿಯಾನೂ ಇದ್ದ. "ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ ಅರ್ನೀ. ಒಳಗೆ ತಣ್ಣನೆ ಗಾಳಿ ಬಿಡ್ತಾರಂತೆ," ಅಂದ. ಅವನು ಪಾಮೆಟೊಗೆ ಮರಳಲಿಲ್ಲ. ಯಾರೂ ಮರಳಲಿಲ್ಲ. ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಿ ತೋರಿಸಿ ಸೋತು ಅವಳು ಬೀಗ ಹಾಕಿದಳು. ಚಾವಣಿ ಕುಸಿದ ಮೇಲೆ ಊರಾಡಳಿತದವರು ಕಟ್ಟಡ ಅಪಾಯಕಾರಿ ಎಂದು ಕೆಡವಿಹಾಕಿದರು.

ಬಿಳಿಯರು ಊರಾಚೆಗೆ ಮನೆ ಬದಲಿಸಿದ್ದರಿಂದ ರೀಜೆಂಟೂ ಮುಚ್ಚಿತ್ತು. ಆದರೆ ಅದಕ್ಕೆ ದಿಕ್ಕಿತ್ತು. ಉಳಿಸಲು ಸಮಿತಿ ಬಂತು, ಕಂಬಗಳಿಗೆ ಚಿನ್ನದ ಬಣ್ಣ ಬಂತು. ಬರುವವರ ಕಾರು ನಿಲ್ಲಿಸಲು ಪಾಮೆಟೊದ ನೆಲಕ್ಕೆ ಡಾಂಬರು ಬಿತ್ತು.

ಮರು ಉದ್ಘಾಟನೆಗೆ, ಹೋರಾಡಿದವರ ಪೈಕಿ ಬದುಕಿದ್ದವಳೆಂದು, ಅವಳನ್ನು ಕರೆದರು. ನಾನೇ ಕಾರಿನಲ್ಲಿ ಕರೆದೊಯ್ದೆ. ಸಮಿತಿಯ ಹೆಂಗಸು ಕೈ ಹಿಡಿದು ಕೇಳಿದಳು: "ಕಾರು ನಿಲ್ಸೋಕೆ ಜಾಗ ಸಿಕ್ತಾ?"

"ಸಿಕ್ತು ತಾಯಿ. ನಮ್ಮಪ್ಪನ ಸ್ಟೇಜ್ ಮೇಲೇ ನಿಲ್ಸಿದೀವಿ."

ಆಕೆಗೆ ಅರ್ಥವಾಗಲಿಲ್ಲ. ನಕ್ಕು ಮುಂದಿನ ಅತಿಥಿಯ ಕಡೆ ತಿರುಗಿದಳು.

ಚಪ್ಪಾಳೆ, ಸ್ಮರಣಿಕೆ, ಭಾಷಣ ಎಲ್ಲ ಆಯಿತು. ವಾಪಸು ಬರುವಾಗ, "ಹೋರಾಡಿದ್ದು ತಪ್ಪಾಯ್ತು ಅನ್ಸುತ್ತಾ?" ಎಂದು ಕೇಳಿದೆ.

"ಇಲ್ಲ ಕಣೋ. ನಾಳೆ ಕರೆದ್ರೂ ಹೋಗಿ ಜೈಲಲ್ಲಿ ಕೂರ್ತೀನಿ. ಅದಕ್ಕೇ ಹೊಟ್ಟೆ ಉರಿಯೋದು. ತಪ್ಪು ಅನ್ನಿಸಿದ್ರೆ ಅತ್ತು ಹಗುರ ಆಗ್ತಿದ್ದೆ."

ಮರುವರ್ಷ ತೀರಿಕೊಂಡಳು. ರೀಜೆಂಟಿನವರು ದೊಡ್ಡ ಹೂಗುಚ್ಛ ಕಳಿಸಿದ್ದರು. ಅವಳ ತಂಗಿ ಅದನ್ನು ಚರ್ಚಿನೊಳಗೆ ತರಲು ಬಿಡಲಿಲ್ಲ. ಹೊರಗಿನ ಬಿಸಿಲಿನಲ್ಲಿ ಅದು ಸಂಜೆಯೊಳಗೆ ಬಾಡಿತು.