ದನಕ್ಕೆ ಬಂದ ಡಾಕ್ಟರು

ಪಕ್ಕದ ಮನೆಯವರು ಗಿಣ್ಣು ತಂದುಕೊಟ್ಟಿದ್ದರು. ಬೆಲ್ಲ, ಏಲಕ್ಕಿಯ ಘಮ ಮೂಗಿಗೆ ಬಡಿದದ್ದೇ ತಡ, ಅಕ್ಕನ ಅತ್ತೆ ಕಣ್ಣೆದುರು ಬಂದರು. ಅವರು ಸತ್ತು ಎಷ್ಟೋ ವರ್ಷವಾಯಿತು. ಆದರೂ ಆ ಹೆಂಗಸನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಅರವತ್ತರ ದಶಕದ ಮಾತು. ನಮಗೆ ತಾಯಿ ಇರಲಿಲ್ಲ, ಹಾಗಾಗಿ ಅಕ್ಕನ ಬಾಣಂತನ ಕುಂಬ್ರದ ಹತ್ತಿರ ಅತ್ತೆಯ ಮನೆಯಲ್ಲೇ ಆಯಿತು. ಕೈಸಹಾಯಕ್ಕೆ ನಾನು ಹೋಗಿದ್ದೆ. ಪಥ್ಯವೆಂದರೆ ಅನ್ನ, ಕಾಳುಮೆಣಸಿನ ಸಾರು. ಹಾಲು, ಮಜ್ಜಿಗೆ, ಸೊಪ್ಪು ಯಾವುದೂ ಇಲ್ಲ. ಮಗುವಿಗೆ ಶೀತವಾಗುತ್ತದಂತೆ! ಕೊಟ್ಟಿಗೆ ತುಂಬ ಕರೆಯುವ ದನಗಳಿದ್ದ ಮನೆ ಅದು.

ಅದೇ ತಿಂಗಳು ಕರು ಹಾಕಿದ ದನವೊಂದು ಮಲಗಿದಲ್ಲಿಂದ ಏಳಲಿಲ್ಲ. ಅತ್ತೆ ಅಳುತ್ತಾ ಪುತ್ತೂರಿಗೆ ಜೀಪು ಕಳಿಸಿ ದನದ ಡಾಕ್ಟರನ್ನು ಕರೆಸಿದರು. "ಹಾಲಿಗೆ ಹೋಗಿ ಹೋಗಿ ರಕ್ತದಲ್ಲಿ ಸುಣ್ಣದಂಶ ಇಳಿದಿದೆ" ಎಂದು ಅವರು ಕುತ್ತಿಗೆಯ ರಕ್ತನಾಳಕ್ಕೆ ಒಂದು ಬಾಟಲಿ ಔಷಧಿ ಹರಿಸಿದರು. ಸ್ವಲ್ಪ ಹೊತ್ತಿಗೆ ದನ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು.

ವಾರ ಕಳೆಯುವುದರೊಳಗೆ ಅಕ್ಕನ ಬೆರಳುಗಳು ತಾವಾಗಿ ಮಡಚಿಕೊಳ್ಳತೊಡಗಿದವು. ಬಿಡಿಸಲು ಹೋದರೆ ನೋವಿಗೆ ಚೀರುತ್ತಿದ್ದಳು.

"ಎಂತದೋ ಉಪದ್ರ ಇದು. ನೂಲು ಕಟ್ಟಿಸಿದ್ರೆ ಹೋಗ್ತದೆ" ಎಂದರು ಅತ್ತೆ.

"ದನಕ್ಕೆ ಡಾಕ್ಟ್ರನ್ನು ಕರೆಸಿದ್ರಲ್ಲ ಅತ್ತೆ?"

"ದನ ನಾಟಕ ಮಾಡ್ತದಾ? ಇವಳಿಗೆ ಕೆಲಸ ತಪ್ಪಿಸ್ಲಿಕ್ಕೆ ಒಂದು ನೆವ ಬೇಕು. ನೀನು ಸುಮ್ಮನಿರು ಮಾರಾಯ್ತಿ."

ಭಾವ ಹೋಗಿ ಮಂತ್ರವಾದಿಯನ್ನು ಕರೆತಂದರು. ನೂಲು ಕಟ್ಟಿಸಿದರು. ಮೂರನೆಯ ದಿನ ಬೆಳಿಗ್ಗೆ ಅಕ್ಕನ ಗಂಟಲೇ ಬಿಗಿದುಕೊಂಡಿತು. ಉಸಿರು ಎಳೆಯುವಾಗ ಅದೊಂದು ಸದ್ದು... ಬೇಡ, ಅದನ್ನು ಬರೆಯಲಾರೆ.

ಮುಂದೆ ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದೆ. ಆ ಸುಣ್ಣದಂಶ, ಎಂದರೆ ಕ್ಯಾಲ್ಸಿಯಂ, ಜೀವಕೋಶದೊಳಗೆ ಏರಿದರೆ ಸ್ನಾಯು ಕುಗ್ಗುತ್ತದೆ, ಇಳಿದರೆ ಸಡಿಲಾಗುತ್ತದೆ. ಹೃದಯ ಬಡಿಯುವುದೂ ಅದರ ಅಪ್ಪಣೆಯಿಂದಲೇ. ರಕ್ತದಲ್ಲಿ ಅದು ತೀರ ಕಡಿಮೆಯಾದರೆ ನರಗಳಿಗೆ ಲಂಗುಲಗಾಮಿಲ್ಲ, ಯಾರೂ ಹೇಳದೆಯೇ ಸ್ನಾಯುಗಳನ್ನು ಬಿಗಿಸುತ್ತವೆ. ದನಗಳಲ್ಲಿ ಮಾತ್ರ ಅದೇ ಕೊರತೆ ಸ್ನಾಯುಗಳನ್ನು ಸೋಲಿಸುತ್ತದೆ. ದನದ ಕಾಲು ಸೋತದ್ದಕ್ಕೂ ಅಕ್ಕನ ಕೈ ಸೆಟೆದದ್ದಕ್ಕೂ ಕಾರಣವಾದ ಕೊರತೆ ಒಂದೇ. ಪ್ರತಿವರ್ಷ ಈ ಪಾಠಕ್ಕೆ ಬಂದಾಗ ನನ್ನ ದನಿ ಗಡುಸಾಗುತ್ತಿತ್ತು.

"ಹಳೇ ಕಾಲದವರು, ಪಾಪ, ಗೊತ್ತಿರಲಿಲ್ಲ" ಎನ್ನುತ್ತಾರೆ. ಕಾಯಿಲೆ ಗೊತ್ತಿರಲಿಲ್ಲ, ಒಪ್ಪಿದೆ. ಪುತ್ತೂರಿನ ದಾರಿ ಗೊತ್ತಿತ್ತಲ್ಲ!

ನಿನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಅಜ್ಜಿಯ ತಿಥಿ ಉಂಟು, ಬನ್ನಿ ಚಿಕ್ಕಮ್ಮ. ಅಮ್ಮ ಇಲ್ಲದ ನನ್ನನ್ನು ಸಾಕಿದ್ದು ಅವರೇ ಅಲ್ವಾ?"

ಅಮ್ಮ ಇಲ್ಲದ ಹಾಗೆ ಮಾಡಿದ್ದೂ ಅವರೇ ಮಗೂ... ಬಾಯಿಯವರೆಗೆ ಬಂತು. ಕಾಲುನೋವು, ಬರಲಿಕ್ಕಾಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ.